ಫಾಕ್ಸ್‌ಪ್ರೊ: ತಿಂಗಳ ಪಟ್ಟಿಗೆ ಕರ್ಸರ್ ಸಾಕೇ, ಟೇಬಲ್ಲೇ ಬೇಕೇ?

ಪ್ರಶ್ನೆ

ಶಿರಸಿ ಕಡೆಯ ಒಂದು ಅಡಿಕೆ ಸಂಘದ ಲೆಕ್ಕದ ಪ್ರೋಗ್ರಾಂ ನೋಡಿಕೊಳ್ಳುತ್ತೇನೆ. ವಿಷುಯಲ್ ಫಾಕ್ಸ್‌ಪ್ರೊ 9 ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಬರೆದದ್ದು. ಮೂರು ಕಂಪ್ಯೂಟರ್‌ಗಳಿಗೂ ಒಂದೇ ಫೋಲ್ಡರ್. ಚಾಲಿ, ರಾಶಿ, ಬೆಟ್ಟೆ ಎಂದು ಅಡಿಕೆಯ ಬಗೆವಾರು ತಿಂಗಳ ಪಟ್ಟಿ ತೆಗೆಯುವಾಗ ಕ್ವೆರಿಯ (ಬೇಕಾದ ಸಾಲುಗಳನ್ನು ಆರಿಸುವ ಆದೇಶದ) ಫಲಿತಾಂಶವನ್ನು 'ಇನ್‌ಟು ಟೇಬಲ್' ಕೊಟ್ಟು ಒಂದೇ ಹೆಸರಿನ ಫೈಲಿಗೆ ಬರೆಯುತ್ತಿದ್ದೆ. ವ್ಯಾಪಾರದ ದಿನ ಇಬ್ಬರು ಒಟ್ಟಿಗೆ ಪಟ್ಟಿ ಕೇಳಿದರೆ ಎರಡನೆಯವರಿಗೆ ಫೈಲು ತೆರೆಯುತ್ತಿರಲಿಲ್ಲ.

ಕಳೆದ ವಾರ ಎಲ್ಲವನ್ನೂ 'ಇನ್‌ಟು ಕರ್ಸರ್' ಮಾಡಿದೆ, ಅಂದರೆ ಫಲಿತಾಂಶ ತಾತ್ಕಾಲಿಕ ಟೇಬಲ್ಲಿಗೆ ಹೋಗುವಂತೆ. ಆ ತೊಂದರೆ ಹೋಯಿತು, ಬೇರೆ ಎರಡು ಬಂದವು. ಕಮಿಷನ್ ಕಾಲಂ ತುಂಬಲು ಹೋದರೆ ತಿದ್ದಲು ಬಿಡುವುದಿಲ್ಲ. ಚಾಲಿ ಪಟ್ಟಿಯಲ್ಲಿ ಕಾಣುವುದು 42 ಲಾಟು, ಆದರೆ ಸಾಲುಗಳನ್ನು ಎಣಿಸುವ 'ರೆಕ್‌ಕೌಂಟ್' 18,640 ಎನ್ನುತ್ತದೆ. ಅದೇ ಸಂಖ್ಯೆ ಪಟ್ಟಿಯ ತಲೆಯಲ್ಲಿ ಅಚ್ಚಾಗಿ ಸದಸ್ಯರ ಕೈಗೂ ಹೋಗಿದೆ. ಮತ್ತೆ ಟೇಬಲ್ಲಿಗೇ ಮರಳಲೇ?

ಉತ್ತರ 1

ಮರಳಬೇಡಿ. ಮೊದಲನೆಯದಕ್ಕೆ ಮದ್ದು ಒಂದೇ ಪದ: ಕರ್ಸರಿನ ಹೆಸರಾದ ಮೇಲೆ 'ರೀಡ್‌ರೈಟ್' ಸೇರಿಸಿ. ಆವೃತ್ತಿ 7ರಿಂದ ಇದೆ. ಟೇಬಲ್ಲೇ ಬೇಕೆಂದರೆ ಹೆಸರನ್ನು ಪ್ರತಿ ಸಲ ಹೊಸ ಹೆಸರು ಕೊಡುವ 'ಸಿಸ್(2015)'ರಿಂದ ಪಡೆಯಿರಿ, ಡಿಕ್ಕಿಯಾಗುವುದು ತೀರಾ ಅಪರೂಪ. ಆದರೆ ಆ ಫೈಲುಗಳನ್ನು ಅಳಿಸುವ ಕೆಲಸ ನಿಮ್ಮದೇ.

ಉತ್ತರ 2

ಎರಡನೆಯ ತೊಂದರೆಯನ್ನು ಹಗುರಾಗಿ ಬಿಡಬೇಡಿ. ಒಂದೇ ಟೇಬಲ್ಲಿನ ಸರಳ ಕ್ವೆರಿಗೆ ಇಂಡೆಕ್ಸ್ (ಹುಡುಕಲು ನೆರವಾಗುವ ಸೂಚಿ) ಪೂರ್ತಿ ಹೊಂದಿದರೆ ಫಾಕ್ಸ್‌ಪ್ರೊ ಹೊಸ ಕರ್ಸರ್ ಕಟ್ಟುವುದೇ ಇಲ್ಲ. ಮೂಲ ಟೇಬಲ್ಲನ್ನೇ ಇನ್ನೊಮ್ಮೆ ತೆರೆದು ಮೇಲೊಂದು ಫಿಲ್ಟರ್ ಹಾಕಿ ಕೊಡುತ್ತದೆ. ನಿಮ್ಮ 18,640 ಮೂಲ ಟೇಬಲ್ಲಿನ ಲೆಕ್ಕ. ಕರ್ಸರಿನ ಮೇಲೆ, ಯಾವ ಫೈಲೆಂದು ಹೇಳುವ 'ಡಿಬಿಎಫ್()' ಕೇಳಿ ನೋಡಿ, ಮೂಲ ಫೈಲಿನ ಹೆಸರೇ ಬರುತ್ತದೆ. 'ನೋಫಿಲ್ಟರ್' ಸೇರಿಸಿದರೆ ನಿಜವಾದ ಕರ್ಸರ್ ಹುಟ್ಟುತ್ತದೆ. 'ರೀಡ್‌ರೈಟ್' ಇದ್ದರೂ ಅಷ್ಟೇ. ಡಾಸ್ ಕಾಲದ ಫಾಕ್ಸ್‌ಪ್ರೊ 2.6ರಲ್ಲಿ 'ನೋಫಿಲ್ಟರ್' ಪದವಿರಲಿಲ್ಲ, ಕೆಲಸಕ್ಕೆ ಬಾರದ ಒಂದು ಕಾಲಂ ಸೇರಿಸಿ ನಿಜವಾದ ಕರ್ಸರ್ ಕಟ್ಟಲು ಅದನ್ನು ಒಪ್ಪಿಸುತ್ತಿದ್ದೆವು. ಸಾಲುಗಳ ಎಣಿಕೆ ಬೇಕಾದರೆ ಕ್ವೆರಿ ಮುಗಿದೊಡನೆ '_ಟ್ಯಾಲಿ' ಓದಿ.

ಇನ್ನು ಯಾವುದು ಎಲ್ಲಿರಬೇಕು? ಕರ್ಸರ್ ಮುಚ್ಚಿದೊಡನೆ ಅಳಿಯುತ್ತದೆ, ಕರೆಂಟು ಹೋದರೂ ಅಳಿಯುತ್ತದೆ, ಪಕ್ಕದ ಕಂಪ್ಯೂಟರಿಗೆ ಕಾಣುವುದೂ ಇಲ್ಲ. ಮೂಲದಿಂದ ಮತ್ತೆ ಲೆಕ್ಕ ಹಾಕಿ ತೆಗೆಯಬಹುದಾದುದೆಲ್ಲ ಅದರಲ್ಲಿರಲಿ. ಮನುಷ್ಯ ಕೈಯಾರೆ ಬರೆದ ಒಂದೇ ಅಂಕಿ ಇದ್ದರೂ ಅದು ಟೇಬಲ್ಲಿನಲ್ಲಿರಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ನಿಮ್ಮ ಕಮಿಷನ್ ಲೆಕ್ಕದಿಂದ ಬರುವುದೋ, ಯಾರಾದರೂ ತುಂಬುವುದೋ?

ಕೇಳಿದವನು

'ಡಿಬಿಎಫ್()' ಕೇಳಿದೆ, ನೀವು ಹೇಳಿದಂತೆಯೇ ವಹಿವಾಟಿನ ಮೂಲ ಫೈಲು ಬಂತು. 'ನೋಫಿಲ್ಟರ್' ಹಾಕಿದ ಮೇಲೆ 42 ಎಂದಿತು. ತಪ್ಪು ಸಂಖ್ಯೆಯ ಪಟ್ಟಿಗಳನ್ನು ವಾಪಸ್ ತರಿಸಿ ಹೊಸದಾಗಿ ಅಚ್ಚು ಹಾಕಿಸುತ್ತಿದ್ದೇನೆ.

ಕಮಿಷನ್ ಲೆಕ್ಕದಿಂದಲೇ ಬರುತ್ತದೆ. ಆದರೆ ನಿಮ್ಮ ಪ್ರಶ್ನೆ ಓದಿ ಇನ್ನೊಂದು ಕಾಲಂ ನೆನಪಾಯಿತು. ಚೀಲದ ತೂಕದ ಕಡಿತವನ್ನು ಮ್ಯಾನೇಜರ್ ಪ್ರತಿ ಲಾಟಿಗೂ ನೋಡಿ ತುಂಬುತ್ತಾರೆ. ಅದು ಇಷ್ಟು ವರ್ಷ ಪ್ರತಿ ತಿಂಗಳೂ ಅಳಿಸಿ ಬರೆಯುವ ಆ ತಾತ್ಕಾಲಿಕ ಫೈಲಿನಲ್ಲೇ ಇತ್ತು, ಹಳೆಯದು ಕಾಗದದಲ್ಲಿ ಮಾತ್ರ ಉಳಿದಿದೆ. ಲಾಟಿನ ಸಂಖ್ಯೆ, ದಿನಾಂಕ, ಕಡಿತ ಎಂದು ಪ್ರತ್ಯೇಕ ಟೇಬಲ್ ಇಂದೇ ಮಾಡಿದೆ. ಹಳೆಯ ಪಟ್ಟಿಗಳಿಂದ ಅಂಕಿಗಳನ್ನು ಅದಕ್ಕೆ ತುಂಬಲು ಶುರುಮಾಡಿದ್ದೇನೆ, ಈಗ ನವೆಂಬರ್‌ವರೆಗೆ ಆಗಿದೆ.