ಅಪ್‌ಡೇಟ್: ಹಿಮ್ಮಡಿ ನೋವು, ಓಟ ಮತ್ತು ಬೆಣ್ಣೆ ಬಿಟ್ಟ ದಾವಣಗೆರೆಯವನು

ಹಿಮ್ಮಡಿ ನೋವಿದ್ದರೂ ಓಡಬಹುದಾ, ಹಾಲು ಮೊಸರು ಬಿಟ್ಟರೆ ಸುಸ್ತಾಗುತ್ತಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಓಟ ನಿಂತಿಲ್ಲ. ಕುಂದುವಾಡ ಕೆರೆ ಏರಿ ಮೇಲೆ ಸ್ವಲ್ಪ ಓಡುತ್ತೇನೆ, ಸ್ವಲ್ಪ ನಡೆಯುತ್ತೇನೆ. ನೋವು ಪ್ಲಾಂಟರ್ ಫ್ಯಾಸಿಯೈಟಿಸ್ ಅಂತೆ, ಅಂದರೆ ಹಿಮ್ಮಡಿಯಿಂದ ಬೆರಳಿನ ಕಡೆಗೆ ಅಂಗಾಲಿನಲ್ಲಿ ಹಾದುಹೋಗುವ ದಪ್ಪ ಪಟ್ಟಿಯ ತೊಂದರೆ. ಬೆಳಿಗ್ಗೆ ಹಾಸಿಗೆ ಬಿಟ್ಟು ಇಡುವ ಮೊದಲ ಹೆಜ್ಜೆಗೇ ಜೀವ ಬಾಯಿಗೆ ಬರುತ್ತಿತ್ತು. ಫಿಸಿಯೋ ಒಂದು ವ್ಯಾಯಾಮ ಕೊಟ್ಟರು: ಮೆಟ್ಟಿಲ ಅಂಚಿನಲ್ಲಿ ಮುಂಗಾಲೂರಿ, ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ಇಳಿಸುವುದು. ಮಹಾ ಬೋರು. ಆದರೆ ನನಗೆ ನಾಟಿದ್ದು ಇದೇ, ದುಬಾರಿ ಶೂ ಅಲ್ಲ. ಮಂಡಿ ಮಾತ್ರ ಇನ್ನೂ ಆಗಾಗ ಗೊಣಗುತ್ತದೆ.

ಊಟದ ವಿಷಯ ಅಂದುಕೊಂಡಷ್ಟು ಕಷ್ಟ ಆಗಲಿಲ್ಲ. ಜೋಳದ ರೊಟ್ಟಿ, ಹುರುಳಿಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ನಮ್ಮ ಕಡೆ ಊಟ ಮೊದಲಿಂದಲೂ ಮುಕ್ಕಾಲು ಪಾಲು ವೀಗನ್ನೇ (ಹಾಲು, ಬೆಣ್ಣೆಯೂ ಇಲ್ಲದ ಸಸ್ಯಾಹಾರ) ಅಲ್ವಾ? ಮಂಡಕ್ಕಿ ಮಿರ್ಚಿಗೂ ಅಡ್ಡಿಯಿಲ್ಲ, ಮಂಡಿಗೆ ಒಳ್ಳೆಯದೋ ಗೊತ್ತಿಲ್ಲ ಅಷ್ಟೇ. ಕಾಳಿನ ಕಬ್ಬಿಣಾಂಶ ಮೈಗೆ ಹತ್ತಲಿ ಅಂತ ಪಲ್ಯಕ್ಕೆ ನಿಂಬೆ ಹಿಂಡುತ್ತೇನೆ, ಊಟದ ಜೊತೆ ಟೀ ಕುಡಿಯಲ್ಲ. ವಿಟಮಿನ್ ಬಿ12 ಬರೀ ಕಾಳು, ತರಕಾರಿಗಳಲ್ಲಿ ಸಿಗಲ್ಲ ಅಂತ ನೀವು ಹೇಳಿದ್ದು ನಿಜ, ಡಾಕ್ಟರ್ ಬರೆದುಕೊಟ್ಟ ಮಾತ್ರೆ ತಗೊಳ್ಳುತ್ತಿದ್ದೇನೆ.

"ಒಂದು ಲೋಟ ಮಜ್ಜಿಗೆನಾದ್ರೂ ಕುಡಿಯೋ" ಅಂತ ಅಮ್ಮ ದಿನಾ ಗೋಗರೆಯುತ್ತಾಳೆ. ಅದಕ್ಕಿಂತ ಕಷ್ಟ ಬೆಣ್ಣೆ ದೋಸೆ ಹೋಟೆಲ್ ಮುಂದೆ ಹಾದುಹೋಗುವುದು. ಸದ್ಯಕ್ಕೆ ರಸ್ತೆ ಬದಲಿಸಿದ್ದೇನೆ.

ಮಂಡಿಗೆ ಟೇಪ್ ಹಾಕಿಕೊಂಡು ಓಡಿದವರು ಯಾರಾದರೂ ಇದ್ದರೆ ತಿಳಿಸಿ.