ಸಹಾಯ ಬೇಕು: ನಮ್ಮ ಗೇಮ್ ಮಾಡ್ ತೆಗೆಸಿಬಿಟ್ಟಿದ್ದಾರೆ, ಕೌಂಟರ್ ನೋಟಿಸ್ ಹಾಕಬಹುದಾ?

ಎಲ್ಲರಿಗೂ ನಮಸ್ಕಾರ. ಹಳೇ ಪಿಸಿ ಗೇಮ್ ಒಂದಕ್ಕೆ ನಾನು, ನನ್ನ ತಮ್ಮ ಸೇರಿ ಕನ್ನಡ ಮಾಡ್ (ಗೇಮನ್ನ ಕನ್ನಡದಲ್ಲಿ ತೋರಿಸೋ ಸೇರ್ಪಡೆ ಫೈಲ್‌ಗಳು) ಮಾಡಿದ್ವಿ. ಆ ಗೇಮಲ್ಲಿ ಒತ್ತಕ್ಷರ ಕೂರ್ತಾನೇ ಇರ್ಲಿಲ್ಲ, 'ಅಮ್ಮ' ಅಂತ ಹಾಕಿದ್ರೆ 'ಮ'ದ ಒತ್ತು ಪಕ್ಕಕ್ಕೆ ಜಾರಿ ನಿಲ್ತಿತ್ತು. ಅದಕ್ಕೇ ಫಾಂಟನ್ನೇ ಹೊಸದಾಗಿ ಮಾಡಿದ್ವಿ. ಯಾರ ಹತ್ರಾನೂ ದುಡ್ಡು ತಗೊಂಡಿಲ್ಲ, ಮೂಲ ಗೇಮ್ ಕೊಂಡವರಿಗೆ ಮಾತ್ರ ಇದು ಓಡುತ್ತೆ. ಈಗ ಗೇಮ್ ಕಂಪನಿ ಅಮೆರಿಕದ ಕಾಪಿರೈಟ್ ಕಾಯ್ದೆ ಡಿಎಂಸಿಎ ಅಡಿ ದೂರು ಕೊಟ್ಟು, ನಾವು ಹಾಕಿದ್ದ ಸೈಟಿಂದ ಎಲ್ಲಾ ಫೈಲೂ ತೆಗೆಸಿದೆ. ತುಂಬಾ ಬೇಜಾರಾಗಿದೆ.

ಕಂಪನಿಗೆ ಮೇಲ್ ಹಾಕಿದೆ, ಉತ್ತರ ಇಲ್ಲ. ಸೈಟಿನವರು ಕೌಂಟರ್ ನೋಟಿಸ್ (ದೂರು ತಪ್ಪು ಅಂತ ನಾವು ಕೊಡೋ ಉತ್ತರ) ಕೊಡಿ ಅಂತಾರೆ. ಕಂಪನಿ ಕೋರ್ಟಿಗೆ ಹೋಗದಿದ್ರೆ 10ರಿಂದ 14 ಕೆಲಸದ ದಿನದಲ್ಲಿ ಫೈಲ್ ವಾಪಸ್ ಬರುತ್ತಂತೆ. ಆದ್ರೆ ಅದರಲ್ಲಿ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟು, ಅಮೆರಿಕದ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಅಂತ ಸಹಿ ಹಾಕಬೇಕು. 2021ರಲ್ಲಿ ಜಿಟಿಎ 3, ವೈಸ್ ಸಿಟಿ ಗೇಮ್‌ಗಳ ಕೋಡ್ ಮರುರಚಿಸಿದವರು ಹೀಗೇ ಕೌಂಟರ್ ಹಾಕಿದ್ರು. ಜೂನಲ್ಲಿ ಫೈಲ್ ವಾಪಸ್ ಬಂತು, ಸೆಪ್ಟೆಂಬರಲ್ಲಿ ಆ ಗೇಮ್‌ಗಳ ಕಂಪನಿ ಟೇಕ್-ಟೂ ಅವರ ಮೇಲೆ ಕೇಸೇ ಹಾಕ್ತು. ಅದು ನೋಡಿ ಕೈ ಹಿಂದೆಗೀತಿದೆ.

ಫಾಂಟ್, ಮಾಡ್‌ಗೆ ಅಂತ ನಾವು ಬರೆದ ಟೂಲ್ ಪೂರ್ತಿ ನಮ್ಮದು. ಸಂಭಾಷಣೆ ಮಾತ್ರ ಅನುವಾದ, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಅನುವಾದದ ಹಕ್ಕು ಮೂಲ ಹಕ್ಕುದಾರರದ್ದೇ. ಹಾಗಿದ್ರೆ ಸಂಭಾಷಣೆ ಬಿಟ್ಟು, ಫಾಂಟ್ ಮತ್ತು ಟೂಲಿಗಷ್ಟೇ ಕೌಂಟರ್ ನೋಟಿಸ್ ಹಾಕಬಹುದಾ? ಇಲ್ಲಾ ಅವೆರಡನ್ನ ಬೇರೆಯಾಗಿ ಹೊಸದಾಗಿ ಹಾಕೋದೇ ವಾಸಿನಾ? ಕಾಪಿರೈಟ್ ಕೇಸ್ ನೋಡೋ ವಕೀಲರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.