‘ಹೀಟ್’ ಚಿತ್ರದ ಬ್ಯಾಂಕ್ ದರೋಡೆ: ಯಾರ ಕೈಯಲ್ಲಿ ಯಾವ ಗನ್, ಗುಂಡಿನ ಲೆಕ್ಕ ಏನು, ಆ ಸದ್ದು ಎಲ್ಲಿಂದ ಬಂತು?

ಪ್ರಶ್ನೆ (ಚಿತ್ರಕಥೆ ಬರೆಯುವವರು): ನಮಸ್ಕಾರ ಸರ್. ಮೈಕೆಲ್ ಮಾನ್ ನಿರ್ದೇಶನದ ‘ಹೀಟ್’ (1995) ಚಿತ್ರದಲ್ಲಿ ಲಾಸ್ ಏಂಜಲೀಸ್‌ನ ನಡುರಸ್ತೆಯಲ್ಲಿ ದರೋಡೆಕೋರರಿಗೂ ಪೊಲೀಸರಿಗೂ ಗುಂಡಿನ ಕಾಳಗ ನಡೆಯುತ್ತದಲ್ಲ, ಅಲ್ಲಿ ಯಾರ ಕೈಯಲ್ಲಿ ಯಾವ ಗನ್ ಇದೆ? ನಮ್ಮ ಕಥೆಯಲ್ಲೂ ಒಂದು ದರೋಡೆ ಇದೆ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳಿ.

ಉತ್ತರ (ಆರ್ಮರರ್, ಸೆಟ್ಟಿನ ಆಯುಧ ಉಸ್ತುವಾರಿ): ನೀಲ್ (ರಾಬರ್ಟ್ ಡಿ ನಿರೊ) ಮತ್ತು ಕ್ರಿಸ್ (ವಾಲ್ ಕಿಲ್ಮರ್) ಇಬ್ಬರ ಕೈಯಲ್ಲೂ ಕೋಲ್ಟ್ 733 ಇದೆ. ಅಮೆರಿಕದ ಎಂ16 ರೈಫಲ್ ಮನೆತನದ ಗಿಡ್ಡ ಕಾರ್ಬೈನ್ (ಚಿಕ್ಕ ನಳಿಗೆಯ ರೈಫಲ್) ಅದು. ನಳಿಗೆ 11.5 ಇಂಚು, ಸ್ಟಾಕನ್ನು (ಭುಜಕ್ಕೆ ಒರಗಿಸುವ ಹಿಂಭಾಗ) ಒಳಗೆ ತಳ್ಳಿದರೆ ಸೂಟಿನ ಕೋಟಿನಡಿ ತೂಗುಹಾಕಬಹುದು. ಬ್ಯಾಂಕಿಗೆ ನಡೆದು ಹೋಗಬೇಕಾದವನಿಗೆ ಆ ಆಯ್ಕೆ ಸರಿ. ಚೆರಿಟೊ (ಟಾಮ್ ಸೈಜ್‌ಮೋರ್) ಹಿಡಿದದ್ದು ಇಸ್ರೇಲಿನ ಗಲಿಲ್ ಎಆರ್‌ಎಂ. ಪತ್ತೇದಾರ ಹನ್ನಾ (ಅಲ್ ಪಚೀನೊ) ಕೈಯಲ್ಲಿ ಬೆಲ್ಜಿಯಂನ ಎಫ್‌ಎನ್ ಎಫ್‌ಎನ್‌ಸಿ.

ನಾಲ್ಕಕ್ಕೂ ಕಾಡತೂಸು ಒಂದೇ, 5.56×45. ಗುಂಡು ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್ ಮಾತ್ರ ಒಂದೇ ಅಲ್ಲ. ಕ್ರಿಸ್‌ನ ಮ್ಯಾಗಜೀನ್ ನೀಲ್‌ನ ಗನ್ನಿಗೆ ಕೂರುತ್ತದೆ, ಹನ್ನಾನ ಎಫ್‌ಎನ್‌ಸಿಗೂ ಕೂರುತ್ತದೆ, ಆದರೆ ಪಕ್ಕದಲ್ಲೇ ಇರುವ ಚೆರಿಟೊನ ಗಲಿಲ್‌ಗೆ ಅಡಾಪ್ಟರ್ ಇಲ್ಲದೆ ಕೂರುವುದಿಲ್ಲ. ಗಲಿಲ್‌ಗೆ ಅದರದೇ 35 ಗುಂಡಿನ ಮ್ಯಾಗಜೀನ್ ಬೇಕು. ಅಂದರೆ ಅವನ ಗುಂಡು ಮುಗಿದರೆ ಸ್ನೇಹಿತ ಎಸೆದ ಮ್ಯಾಗಜೀನ್ ಕೆಲಸಕ್ಕೆ ಬಾರದು. ನಿಮ್ಮ ಕಥೆಯಲ್ಲಿ ಜಗಳ ಹುಟ್ಟಿಸಲು ಇದಕ್ಕಿಂತ ಒಳ್ಳೆ ಕಾರಣ ಬೇಕೇ?

ಗಲಿಲ್ ಬಗ್ಗೆ ಒಂದು ತಮಾಷೆ. ಎಆರ್‌ಎಂ ಮಾದರಿಯಲ್ಲಿ ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆಯನ್ನು ಕಾರ್ಖಾನೆಯಲ್ಲೇ ಕೂರಿಸಿ ಕೊಡುತ್ತಿದ್ದರು. ಯಾಕೆಂದರೆ ಅದಿಲ್ಲದಿದ್ದಾಗ ಸೈನಿಕರು ಮ್ಯಾಗಜೀನಿನ ತುಟಿಯಲ್ಲಿ (ಗುಂಡು ಹೊರಬರುವ ಬಾಯಿಯ ಅಂಚು) ಸೋಡಾ ಬಾಟಲಿ ತೆರೆದು ತುಟಿ ಬಾಗಿಸುತ್ತಿದ್ದರು. ತುಟಿ ಕೂದಲೆಳೆಯಷ್ಟು ಬಾಗಿದರೂ ಕಾಡತೂಸು ಓರೆಯಾಗಿ ಏರಿ ಗನ್ ಸಿಕ್ಕಿಹಾಕಿಕೊಳ್ಳುತ್ತದೆ.

ಪ್ರಶ್ನೆ (ಅದೇ ಬರಹಗಾರರು): ಗುಂಡಿನ ಲೆಕ್ಕವನ್ನು ಬರೆಯುವಾಗಲೇ ಇಡಬೇಕಾ ಸರ್? ಅಥವಾ ಎಡಿಟಿಂಗ್‌ನಲ್ಲಿ ನೋಡಿಕೊಂಡರೆ ಸಾಕಾ?

ಉತ್ತರ (ಆರ್ಮರರ್): ಬರೆಯುವಾಗಲೇ ಇಡಿ. ಎಡಿಟರ್ ಹತ್ತಿರ ಹೋದ ಮೇಲೆ ಮ್ಯಾಗಜೀನ್ ಬದಲಿಸುವ ಶಾಟ್ ಇಲ್ಲದಿದ್ದರೆ ಅವರೇನು ಮಾಡಿಯಾರು?

ಲೆಕ್ಕ ಸುಲಭ. 733 ನಿಮಿಷಕ್ಕೆ ಸುಮಾರು 800 ಗುಂಡಿನ ವೇಗದಲ್ಲಿ ಹಾರಿಸುತ್ತದೆ ಅಂತಿಟ್ಟುಕೊಳ್ಳಿ, ಸೆಕೆಂಡಿಗೆ 13ರ ಮೇಲೆ ಬಂತು. ಟ್ರಿಗರ್ ಒತ್ತಿ ಹಿಡಿದರೆ 30 ಗುಂಡಿನ ಮ್ಯಾಗಜೀನ್ ಎರಡೂಕಾಲು ಸೆಕೆಂಡಿನಲ್ಲಿ ಖಾಲಿ. ಗಲಿಲ್ ಸ್ವಲ್ಪ ನಿಧಾನ, 35 ಗುಂಡು ಮೂರು ಸೆಕೆಂಡಿಗೆ ಬರುತ್ತದೆ. ಮೂರು ಮೂರರ ಕಂತಿನಲ್ಲಿ ಹಾರಿಸಿದರೆ ಒಂದು ಮ್ಯಾಗಜೀನಿಗೆ ಹತ್ತು ಕಂತು. ನಿಮ್ಮ ನಾಯಕ ಒಂದೇ ಶಾಟಿನಲ್ಲಿ ಹತ್ತು ಸೆಕೆಂಡು ಬಿಡದೆ ಹಾರಿಸಿದ ಅಂದರೆ ನಡುವೆ ನಾಲ್ಕು ಸಲ ಮ್ಯಾಗಜೀನ್ ಬದಲಿಸಿರಲೇಬೇಕು.

ಭಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತುಂಬಿದ 30 ಗುಂಡಿನ ಅಲ್ಯೂಮಿನಿಯಂ ಮ್ಯಾಗಜೀನ್ ಹೆಚ್ಚುಕಡಿಮೆ ಅರ್ಧ ಕೆಜಿ. ಹತ್ತು ಕಟ್ಟಿಕೊಂಡರೆ ಐದು ಕೆಜಿ, ಅದರ ಮೇಲೆ ಗನ್, ಅದರ ಮೇಲೆ ದುಡ್ಡಿನ ಚೀಲ. ‘ಹೀಟ್’ನಲ್ಲಿ ಅವರು ಚೀಲ ಹೊತ್ತೇ ಓಡುತ್ತಾರೆ, ಓಟ ಭಾರವಾಗಿಯೇ ಕಾಣುತ್ತದೆ. ನಮ್ಮಲ್ಲಿ ಥರ್ಮೋಕೋಲ್ ತುಂಬಿದ ಚೀಲವನ್ನು ಕಿರುಬೆರಳಲ್ಲಿ ಎತ್ತಿಕೊಂಡು ಓಡಿಸುತ್ತಾರೆ. ಚೀಲದೊಳಗೆ ಮರಳಿನ ಮೂಟೆ ಹಾಕಿ, ನಟನೆ ತಾನಾಗಿಯೇ ಸರಿಹೋಗುತ್ತದೆ.

ಆ ದೃಶ್ಯ ಇವತ್ತಿಗೂ ಯಾಕೆ ನಿಂತಿದೆ ಅಂದರೆ ಗನ್ನಿನ ಬ್ರ್ಯಾಂಡಿನಿಂದಲ್ಲ. ಒಬ್ಬ ಹಾರಿಸುವಾಗ ಇನ್ನೊಬ್ಬ ಓಡುತ್ತಾನೆ, ಓಡಿದವನು ನಿಂತು ಹಾರಿಸುವಾಗ ಮೊದಲನೆಯವನು ಮ್ಯಾಗಜೀನ್ ಬದಲಿಸುತ್ತಾನೆ. ಮಿಕ್ ಗೌಲ್ಡ್, ಆಂಡಿ ಮೆಕ್‌ನ್ಯಾಬ್ ಎಂಬ ಬ್ರಿಟಿಷ್ ವಿಶೇಷ ಪಡೆ ಎಸ್‌ಎಎಸ್‌ನ ಮಾಜಿ ಸೈನಿಕರು ನಟರಿಗೆ ಇದನ್ನೇ ಕಲಿಸಿದ್ದು. ರೇಂಜಿನಲ್ಲಿ ನಿಜವಾದ ಗುಂಡು ಹಾಕಿಯೇ ಅಭ್ಯಾಸ ಮಾಡಿಸಿದರು. ಕಿಲ್ಮರ್ ಮ್ಯಾಗಜೀನ್ ಬದಲಿಸುವಾಗ ಕಣ್ಣು ಎಲ್ಲಿದೆ ನೋಡಿ, ಗನ್ನಿನ ಮೇಲಿಲ್ಲ, ರಸ್ತೆಯ ಮೇಲಿದೆ.

ಪ್ರಶ್ನೆ (ಸಹ ನಿರ್ದೇಶಕರು): ಗುಂಡು ಮುಗಿದಾಗ ‘ಕ್ಲಿಕ್ ಕ್ಲಿಕ್’ ಅನ್ನುವ ಸದ್ದು ಹಾಕುತ್ತೇವಲ್ಲ, ಅದು ಸರಿಯೇ?

ಉತ್ತರ (ಆರ್ಮರರ್): ಗನ್ ಯಾವುದು ಅನ್ನುವುದರ ಮೇಲೆ ನಿಂತಿದೆ. ರಿವಾಲ್ವರ್ ಆದರೆ ಸರಿ, ಎಷ್ಟು ಸಲ ಒತ್ತಿದರೂ ಕ್ಲಿಕ್ ಅನ್ನುತ್ತದೆ. ಪಿಸ್ತೂಲಿನಲ್ಲಿ ಕೊನೆಯ ಗುಂಡು ಹೋದ ಕೂಡಲೇ ಸ್ಲೈಡ್ ಹಿಂದಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಆಮೇಲೆ ಟ್ರಿಗರ್ ಒತ್ತಿದರೆ ಸದ್ದೇ ಇಲ್ಲ, ಗನ್ ಖಾಲಿ ಅನ್ನುವುದು ಎದುರಿದ್ದವನಿಗೂ ಕಾಣುತ್ತದೆ. ಕೋಲ್ಟ್ 733ರಲ್ಲೂ ಹಾಗೇ, ಬೋಲ್ಟ್ (ಗುಂಡನ್ನು ನಳಿಗೆಗೆ ತಳ್ಳಿ ಮುಚ್ಚುವ ಭಾಗ) ಹಿಂದೆ ಲಾಕ್ ಆಗುತ್ತದೆ. ಹೊಸ ಮ್ಯಾಗಜೀನ್ ಹಾಕಿ ಎಡಬದಿಯ ಕ್ಯಾಚ್ ಬಡಿದರೆ ಬೋಲ್ಟ್ ಮುಂದೆ ಹೋಗುತ್ತದೆ. ಗಲಿಲ್ ಎಕೆ-47ರ ವಂಶದ್ದು. ಅದರಲ್ಲಿ ಬೋಲ್ಟ್ ಹಿಂದೆ ನಿಲ್ಲುವುದಿಲ್ಲ, ಖಾಲಿ ಚೇಂಬರಿನ (ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ) ಮೇಲೆ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಒಂದೇ ಒಂದು ಕ್ಲಿಕ್. ಎರಡನೆಯದು ಬರುವುದಿಲ್ಲ, ಯಾಕೆಂದರೆ ಹ್ಯಾಮರ್ ಆಗಲೇ ಬಿದ್ದಾಗಿದೆ. ಮ್ಯಾಗಜೀನ್ ಬದಲಿಸಿ ಬೋಲ್ಟಿನ ಹಿಡಿ ಎಳೆಯಲೇಬೇಕು.

ಗುರಿಯಿಡುವಾಗೆಲ್ಲ ಹಿಡಿ ಎಳೆಯುವ ಸದ್ದು ಸೇರಿಸುತ್ತಾರಲ್ಲ, ಅದನ್ನು ದಯವಿಟ್ಟು ಬಿಡಿ. ಚೇಂಬರಿನಲ್ಲಿ ಇದ್ದ ಗುಂಡು ಆಚೆ ಹಾರಿ ನೆಲಕ್ಕೆ ಬೀಳುತ್ತದೆ ಅಷ್ಟೇ.

ಪ್ರಶ್ನೆ (ಸೌಂಡ್ ವಿದ್ಯಾರ್ಥಿ): ಆ ದೃಶ್ಯದ ಸದ್ದು ಎದೆಗೆ ಬಡಿಯುತ್ತದೆ. ಲೈಬ್ರರಿ ಸೌಂಡ್ ಎಷ್ಟು ಪದರ ಹಾಕಿದರೂ ಅದು ಬರುತ್ತಿಲ್ಲ. ಏನು ಮಾಡಿದ್ದಾರೆ?

ಉತ್ತರ (ಸೌಂಡ್ ಎಂಜಿನಿಯರ್): ಇದಕ್ಕೆ ನಾನು ಉತ್ತರಿಸುತ್ತೇನೆ. ಸ್ಟುಡಿಯೊದಲ್ಲಿ ಕೂತು ಕಟ್ಟಿದ ಸದ್ದಲ್ಲ ಅದು. ರಸ್ತೆಯಲ್ಲಿ ಬ್ಲ್ಯಾಂಕ್ (ಮದ್ದಿದ್ದು ಗುಂಡಿಲ್ಲದ ಕಾಡತೂಸು) ಹಾರಿಸುವಾಗ ಅಲ್ಲೇ ಹಿಡಿದ ಸದ್ದನ್ನು ಮಾನ್ ಉಳಿಸಿಕೊಂಡರು. ಗಾಜು, ಕಾಂಕ್ರೀಟಿನ ಎತ್ತರದ ಕಟ್ಟಡಗಳ ನಡುವೆ ಸದ್ದು ಬಡಿದು ಬಡಿದು ವಾಪಸ್ ಬರುತ್ತದೆ. 30 ಮೀಟರ್ ದೂರದ ಗೋಡೆ ಇದ್ದರೆ ಹೋಗಿ ಬರಲು 60 ಮೀಟರ್, ಸೆಕೆಂಡಿಗೆ 340 ಮೀಟರ್ ಲೆಕ್ಕದಲ್ಲಿ ಸೆಕೆಂಡಿನ ಆರನೇ ಒಂದು ಭಾಗ. ಅಷ್ಟರಲ್ಲಿ ಗನ್ ಇನ್ನೆರಡು ಗುಂಡು ಹಾರಿಸಿರುತ್ತದೆ. ಮೊದಲ ಗುಂಡಿನ ಮಾರ್ದನಿಯ ಮೇಲೆ ಮೂರನೆಯ ಗುಂಡಿನ ಸದ್ದು ಬೀಳುತ್ತದೆ. ನಿಮ್ಮ ಲೈಬ್ರರಿ ಸ್ಯಾಂಪಲ್ ಬಯಲಿನಲ್ಲಿ ಹಿಡಿದದ್ದು. ಅದಕ್ಕೆ ರಿವರ್ಬ್ (ಕೃತಕ ಮಾರ್ದನಿ) ಹಾಕಿದರೆ ಎಲ್ಲ ಗುಂಡಿಗೂ ಒಂದೇ ಬಾಲ ಸಿಗುತ್ತದೆ, ಕಿವಿ ಮೋಸವನ್ನು ತಕ್ಷಣ ಹಿಡಿಯುತ್ತದೆ.

ಹೀಗೆ ಮಾಡಿ: ಚಿತ್ರೀಕರಣದ ಜಾಗದಲ್ಲೇ, ಅನುಮತಿ ಪಡೆದು, ಆ ರಸ್ತೆಯ ಮಾರ್ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಮೈಕ್ ಹತ್ತಿರ, ಒಂದು ರಸ್ತೆಯ ತುದಿಯಲ್ಲಿ, ಒಂದು ಮಹಡಿಯ ಮೇಲೆ. ಹತ್ತಿರದ ಮೈಕಿನ ಲೆವೆಲ್ ಚೆನ್ನಾಗಿ ಇಳಿಸಿ. ಅದು ಕ್ಲಿಪ್ ಆಯಿತೆಂದರೆ (ಮಟ್ಟ ಮೀರಿ ಸದ್ದು ಕತ್ತರಿಸಿಹೋದರೆ) ಸದ್ದಿನ ಮೊದಲ ಏಟು ಸತ್ತು ತಗಡು ಬಡಿದ ಹಾಗಾಗುತ್ತದೆ.

ಒಂದು ಕೊರತೆ ಮಾತ್ರ ಉಳಿಯುತ್ತದೆ. ನಿಜವಾದ ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಹೋಗುವುದರಿಂದ ಚಾಟಿ ಬೀಸಿದಂಥ ಇನ್ನೊಂದು ‘ಚಟ್’ ಸದ್ದು ಬರುತ್ತದೆ. ಬ್ಲ್ಯಾಂಕಿನಲ್ಲಿ ಗುಂಡೇ ಇಲ್ಲ, ಆ ಸದ್ದೂ ಇಲ್ಲ. ಗುಂಡಿನ ದಾಳಿಗೆ ಸಿಕ್ಕವನ ದೃಷ್ಟಿಯ ಶಾಟ್ ಇದ್ದರೆ ಅದನ್ನು ಸೇರಿಸಬೇಕು. ಮೊದಲು ಚಟ್, ಆಮೇಲೆ ದೂರದಿಂದ ಧಡ್. ನಮ್ಮವರು ಇದನ್ನು ತಿರುಗುಮುರುಗು ಹಾಕುತ್ತಾರೆ.

ಪ್ರಶ್ನೆ (ವಿಎಫ್ಎಕ್ಸ್ ಕಲಾವಿದೆ): ನಾವು ಡಮ್ಮಿ ಗನ್ನಿಗೆ ಬೆಂಕಿ ಸೇರಿಸುವವರು. ಎಷ್ಟು ಫ್ರೇಮ್ ಇಡಬೇಕು?

ಉತ್ತರ (ಆರ್ಮರರ್): ಒಂದೇ ಫ್ರೇಮ್, ಮೇಡಂ. ನಿಜವಾದ ಮಿಂಚು ಸೆಕೆಂಡಿನ ಸಾವಿರದ ಕೆಲವೇ ಭಾಗ ಮಾತ್ರ ಇರುತ್ತದೆ. ಸೆಕೆಂಡಿಗೆ 24 ಫ್ರೇಮಿನಲ್ಲಿ 180 ಡಿಗ್ರಿ ಶಟರ್ ಇಟ್ಟರೆ ಅರ್ಧ ಹೊತ್ತು ಕ್ಯಾಮೆರಾ ಕುರುಡು, ಹಾಗಾಗಿ ಫಿಲ್ಮಿನ ಕಾಲದಲ್ಲಿ ಎಷ್ಟೋ ಮಿಂಚು ದಾಖಲಾಗುತ್ತಲೇ ಇರಲಿಲ್ಲ. ಶಟರ್ ಮುಚ್ಚಿದಾಗ ಮಾತ್ರ ಆಪರೇಟರಿಗೆ ದೃಶ್ಯ ಕಾಣುವ ಕನ್ನಡಿ ಶಟರಿನ ಕ್ಯಾಮೆರಾದಲ್ಲಂತೂ ಆಪರೇಟರ್ ಕಣ್ಣಿಗೆ ಮಿಂಚು ಪೂರ್ತಿ ಕಂಡಿತು ಅಂದರೆ ಫಿಲ್ಮಿಗೆ ಬಿದ್ದಿಲ್ಲ ಅಂತಲೇ ಅರ್ಥ. 800ರ ವೇಗಕ್ಕೆ ಸುಮಾರು ಎರಡು ಫ್ರೇಮಿಗೊಂದು ಗುಂಡು. ಪ್ರತಿ ಫ್ರೇಮಿಗೂ ಬೆಂಕಿ ಹಚ್ಚಬೇಡಿ, ಅಲ್ಲಲ್ಲಿ ಒಂದನ್ನು ಬೇಕೆಂದೇ ಬಿಡಿ. ನಳಿಗೆಯ ತುದಿಯಲ್ಲಿ ಕೆಳಭಾಗ ಮುಚ್ಚಿದ ಎ2 ಮಾದರಿಯ ಫ್ಲ್ಯಾಶ್ ಹೈಡರ್ (ಮಿಂಚು ತಗ್ಗಿಸುವ ಕೊಳವೆ) ಇದ್ದರೆ ಬೆಂಕಿ ಮೇಲಕ್ಕೂ ಪಕ್ಕಕ್ಕೂ ಚಿಮ್ಮುತ್ತದೆ, ಕೆಳಕ್ಕಲ್ಲ. ಬೆಳಕು ಮುಖದ ಮೇಲೆ, ಪಕ್ಕದ ಗೋಡೆಯ ಮೇಲೆ ಬೀಳದಿದ್ದರೆ ಎಷ್ಟು ಚೆಂದದ ಬೆಂಕಿಯೂ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ.

ಪ್ರಶ್ನೆ (ಸಹ ನಿರ್ದೇಶಕರು): ಬ್ಲ್ಯಾಂಕ್ ಅಂದರೆ ಪಟಾಕಿ ಥರಾನೇ ತಾನೇ? ಇಷ್ಟೊಂದು ಭಯ ಯಾಕೆ?

ಉತ್ತರ (ಆರ್ಮರರ್): ಈ ಮಾತಿಗೇ ಜೀವ ಹೋಗಿದೆ. 1984ರಲ್ಲಿ ನಟ ಜಾನ್-ಎರಿಕ್ ಹೆಕ್ಸಮ್ ಬ್ಲ್ಯಾಂಕ್ ತುಂಬಿದ .44 ಮ್ಯಾಗ್ನಮ್ ರಿವಾಲ್ವರನ್ನು ತಮಾಷೆಗೆ ತಲೆಗೆ ಇಟ್ಟುಕೊಂಡು ಒತ್ತಿದರು, ಉಳಿಯಲಿಲ್ಲ. ಗುಂಡಿಲ್ಲದಿದ್ದರೂ ಅನಿಲದ ಒತ್ತಡ, ಮದ್ದನ್ನು ಹಿಡಿದಿಡುವ ಬಿರಡೆ, ಸುಡುವ ಮದ್ದಿನ ಕಣ ಇವೆಲ್ಲ ಹೊರಗೆ ಬರುತ್ತವೆ. ಅಮೆರಿಕದ ಸೆಟ್ಟುಗಳಲ್ಲಿ 20 ಅಡಿಯನ್ನು ಕನಿಷ್ಠ ಅಂತರವೆಂದು ಹಿಡಿಯುವ ರೂಢಿ. ಅಷ್ಟಾದರೂ ಮುಖಕ್ಕೆ ನೇರ ಗುರಿ ಇಡಿಸುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಇಡಿಸಿ ಕ್ಯಾಮೆರಾ ಕೋನದಲ್ಲಿ ಸರಿಮಾಡುತ್ತಾರೆ.

1993ರ ಮಾರ್ಚ್ 31ರಂದು ‘ದಿ ಕ್ರೋ’ ಚಿತ್ರದ ನಟ ಬ್ರ್ಯಾಂಡನ್ ಲೀ ತೀರಿಕೊಂಡದ್ದು ಇನ್ನೂ ಸೂಕ್ಷ್ಮವಾದ ತಪ್ಪಿನಿಂದ. ಹತ್ತಿರದ ಶಾಟಿಗೆಂದು ಅಸಲಿ ಕಾಡತೂಸಿನ ಮದ್ದು ತೆಗೆದು ಡಮ್ಮಿ (ನೋಡಲು ಅಸಲಿಯಂತಿರುವ, ಸಿಡಿಯಬಾರದ ಕಾಡತೂಸು) ಮಾಡಿದ್ದರು, ಆದರೆ ಹಿಂಭಾಗದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಭಾಗ) ಹಾಗೇ ಉಳಿದಿತ್ತು. ಪ್ರೈಮರ್ ಸಿಡಿದ ಬಲಕ್ಕೆ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಂಡಿತು, ಯಾರೂ ಗಮನಿಸಲಿಲ್ಲ. ಆಮೇಲೆ ಅದೇ ಗನ್ನಿಗೆ ಬ್ಲ್ಯಾಂಕ್ ಹಾಕಿ ಹಾರಿಸಿದಾಗ ಸಿಕ್ಕಿಕೊಂಡಿದ್ದ ಗುಂಡು ಹೊರಬಂತು. ಡಮ್ಮಿಗೂ ಬ್ಲ್ಯಾಂಕಿಗೂ ನಡುವೆ ನಳಿಗೆಗೆ ಟಾರ್ಚ್ ಬಿಟ್ಟು ಆಚೆ ಬೆಳಕು ಕಾಣುತ್ತದೆಯೇ ಎಂದು ನೋಡುವುದು ಈ ಕಾರಣಕ್ಕೆ. 2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಚಿತ್ರದ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತದ್ದು ಗನ್ನಿನೊಳಗೆ ಅಸಲಿ ಗುಂಡೇ ಇದ್ದದ್ದರಿಂದ. ಸರಿಯಾದ ಡಮ್ಮಿಯೊಳಗೆ ಚಿಕ್ಕ ಲೋಹದ ಗೋಲಿ ಇರುತ್ತದೆ, ಕಿವಿಯ ಬಳಿ ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು ಬರಬೇಕು. ಇಲ್ಲವೇ ಪಕ್ಕದಲ್ಲಿ ತೂತು ಕೊರೆದಿರಬೇಕು. ಒಂದೊಂದನ್ನೂ ಅಲ್ಲಾಡಿಸಿ ತುಂಬಬೇಕು, ಡಬ್ಬಿಯ ಮೇಲಿನ ಚೀಟಿ ನಂಬಿ ಅಲ್ಲ.

ಇನ್ನು ಬ್ಲ್ಯಾಂಕಿನಲ್ಲಿ ಆಟೊಮ್ಯಾಟಿಕ್ ಓಡುವುದು ಹೇಗೆ ಎಂದರೆ, ಗುಂಡಿಲ್ಲದೆ ನಳಿಗೆಯಲ್ಲಿ ಒತ್ತಡ ನಿಲ್ಲದು, ಒತ್ತಡವಿಲ್ಲದೆ ಬೋಲ್ಟ್ ಹಿಂದಕ್ಕೆ ಹೋಗದು. ಆದ್ದರಿಂದ ನಳಿಗೆಯ ತುದಿಯೊಳಗೆ ಸಣ್ಣ ತೂತಿನ ತಡೆ ಕೂರಿಸುತ್ತಾರೆ, ಫ್ಲ್ಯಾಶ್ ಹೈಡರ್ ಅದನ್ನು ಮುಚ್ಚುತ್ತದೆ. ತೂತು ದೊಡ್ಡದಾದರೆ ಬೋಲ್ಟ್ ಅರ್ಧಕ್ಕೇ ವಾಪಸಾಗಿ ಖಾಲಿ ಕೋಶ ಸಿಕ್ಕಿಕೊಳ್ಳುತ್ತದೆ, ಚಿಕ್ಕದಾದರೆ ಬಡಿತ ಜಾಸ್ತಿಯಾಗಿ ಖಾಲಿ ಕೋಶ ಕೀಳುವ ಕೊಕ್ಕೆ, ಅಂದರೆ ಎಕ್ಸ್‌ಟ್ರ್ಯಾಕ್ಟರ್ ಮುರಿಯುತ್ತದೆ. ಮಸಿಯೂ ಬೇಗ ಕಟ್ಟುತ್ತದೆ. ಟೇಕ್‌ಗಳ ನಡುವೆ ಒರೆಸದಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಗನ್ ನಿಲ್ಲುತ್ತದೆ.

ಪ್ರಶ್ನೆ (ಓದುಗರೊಬ್ಬರು): ‘ಕೆಜಿಎಫ್ ಚಾಪ್ಟರ್ 2’ರಲ್ಲಿ ಮೆಷಿನ್ ಗನ್ ನಳಿಗೆ ಕೆಂಪಾಗಿ ರಾಕಿ ಅದರಿಂದಲೇ ಸಿಗರೇಟ್ ಹಚ್ಚುತ್ತಾನೆ. ಆಗುತ್ತಾ ಗುರುಗಳೇ?

ಉತ್ತರ (ಆರ್ಮರರ್): ಕೆಂಪಾಗುವುದು ಸುಳ್ಳಲ್ಲ. ಬೆಲ್ಟಿನಿಂದ ನೂರಾರು ಗುಂಡು ಬಿಡದೆ ಹೋದರೆ ಉಕ್ಕು ಕತ್ತಲಲ್ಲಿ 500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಮಂದವಾಗಿ ಹೊಳೆಯುತ್ತದೆ, ಹಗಲಲ್ಲಿ ಕಾಣಬೇಕಾದರೆ ಇನ್ನೂ ಕಾಯಬೇಕು. ಸಿಗರೇಟ್ ಹತ್ತಲು ಅಷ್ಟು ಬಿಸಿ ಧಾರಾಳ. ತೊಂದರೆ ಬೇರೆ. ಅಷ್ಟು ಕಾದ ಚೇಂಬರಿನಲ್ಲಿ ಕಾಡತೂಸು ಕೂತಿದ್ದರೆ ಟ್ರಿಗರ್ ಮುಟ್ಟದೆಯೂ ತಾನಾಗಿ ಸಿಡಿಯಬಹುದು, ಮುಖ ಇರುವುದು ನಳಿಗೆಯ ಪಕ್ಕದಲ್ಲಿ! ನಿಮ್ಮ ಪಾತ್ರ ಹಾಗೆ ಮಾಡುವುದಿದ್ದರೆ ಮೊದಲು ಬೆಲ್ಟ್ ಖಾಲಿಯಾದದ್ದನ್ನು ತೋರಿಸಿ.

ಪ್ರಶ್ನೆ (ಚಿತ್ರಕಥೆ ಬರೆಯುವವರು): ನಮ್ಮ ಕಥೆ ಬೆಂಗಳೂರಿನದ್ದು. ದರೋಡೆಕೋರರಿಗೆ ಗಲಿಲ್ ಕೊಡಬಹುದೇ?

ಉತ್ತರ (ಆರ್ಮರರ್): ಬೇಡ. ಆಟೊಮ್ಯಾಟಿಕ್ ಗನ್ 1959ರ ಆಯುಧ ಕಾಯ್ದೆಯಡಿ ನಿಷೇಧಿತ ಆಯುಧ. ಅದು ಇವರಿಗೆ ಎಲ್ಲಿಂದ ಬಂತು ಅಂತ ಹೇಳುವುದಕ್ಕೇ ನಿಮಗೆ ಇನ್ನೊಂದು ಸಿನಿಮಾ ಬೇಕಾಗುತ್ತದೆ. ನಾಡ ಪಿಸ್ತೂಲು ಕೊಡಿ. ಒಂದೊಂದೇ ಗುಂಡಿನದು, ಹಾರಿಸಿದ ಮೇಲೆ ಒತ್ತಡಕ್ಕೆ ಉಬ್ಬಿದ ಖಾಲಿ ಕೋಶ ಒಳಗೇ ಕಚ್ಚಿಕೊಂಡು ಉಗುರಲ್ಲಿ ಕೀಳಬೇಕಾಗುತ್ತದೆ. ಎದುರಿಗೆ ಇನ್ಸಾಸ್ ರೈಫಲ್ ಹಿಡಿದ ಪೇದೆ ನಿಂತಿದ್ದಾನೆ, ಇವನ ಬೆರಳು ನಡುಗುತ್ತಿದೆ, ಕೋಶ ಬರುತ್ತಿಲ್ಲ. ಆ ಹತ್ತು ಸೆಕೆಂಡನ್ನು ಕತ್ತರಿಸದೆ ಬರೆಯಿರಿ. ಮತ್ತೆ, ಡಮ್ಮಿಯೇ ಆದರೂ ಹೊರಾಂಗಣಕ್ಕೆ ಒಯ್ಯುವ ಮೊದಲು ಆ ಠಾಣೆಗೆ ಲಿಖಿತವಾಗಿ ತಿಳಿಸಿ, ಪ್ರತಿಯೊಂದು ಆಯುಧದ ಪಟ್ಟಿ ಮತ್ತು ಫೋಟೊ ಲಗತ್ತಿಸಿ, ಸ್ವೀಕೃತಿಯ ಪ್ರತಿಯನ್ನು ಸೆಟ್ಟಿನಲ್ಲೇ ಇಟ್ಟುಕೊಳ್ಳಿ.